ಮಧುಮೇಹವೂ ಮುಪ್ಪಿನ ಮರೆವೂ: ಮೈಸೂರಿನ ಹೆರಿಗೆ ದಾಖಲೆಗಳ ಸಾಕ್ಷ್ಯ

೧. ಪ್ರಸ್ತಾವನೆ

ಮಧುಮೇಹವು ಶರೀರದ ವ್ಯಾಧಿಯೆಂದೂ, ಮುಪ್ಪಿನಲ್ಲಿ ತಲೆದೋರುವ ಮರೆವು ವಯೋಧರ್ಮವೆಂದೂ ಕನ್ನಡನಾಡಿನ ಜನರು ಬಹುಕಾಲದಿಂದ ಇವೆರಡನ್ನು ಬೇರೆಬೇರೆಯಾಗಿ ಎಣಿಸುತ್ತ ಬಂದಿರುವರು. ‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆಯು ಈ ಎಣಿಕೆಗೆ ಸಾಕ್ಷಿಯಾಗಿದೆ. ಅರುವತ್ತು ತುಂಬಿದವರ ಬುದ್ಧಿಯು ಕದಲುವುದು ಸಹಜವೆಂಬುದು ಅದರ ತಾತ್ಪರ್ಯ. ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ ಬೇಂದ್ರೆಯವರ ಸಂಪುಟವು ಇದೇ ನುಡಿಯನ್ನು ತನ್ನ ಹೆಸರಾಗಿ ಧರಿಸಿರುವುದರಿಂದ, ಅದು ಸಾಹಿತ್ಯದಲ್ಲಿಯೂ ನೆಲೆಗೊಂಡಿದೆ. ಸಹಜವೆಂದು ಭಾವಿಸಿದುದಕ್ಕೆ ಯಾರೂ ಕಾರಣವನ್ನು ಹುಡುಕುವುದಿಲ್ಲ. ಆದುದರಿಂದ ಮುಪ್ಪಿನ ಮರೆವಿಗೆ ಕಾರಣವುಂಟೆ, ಅದು ಮಧುಮೇಹದೊಡನೆ ಸಂಬಂಧಪಟ್ಟಿದೆಯೆ ಎಂಬ ಪ್ರಶ್ನೆಯು ಹುಟ್ಟಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಈ ಪ್ರಶ್ನೆಯ ಉತ್ತರವು ಒಂದು ದಿನದ ಪರೀಕ್ಷೆಯಿಂದ ದೊರೆಯತಕ್ಕದ್ದಲ್ಲ. ಮಧುಮೇಹವು ಮಧ್ಯವಯಸ್ಸಿನಲ್ಲಿ ತೋರುವುದು. ಮರೆವಿನ ರೋಗವು ಅದಾದ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ತೋರುವುದು. ಇವುಗಳ ಬೀಜವು ಶೈಶವದಲ್ಲಿಯೇ, ಅಥವಾ ಅದಕ್ಕೂ ಮುಂಚೆ ಗರ್ಭದಲ್ಲಿಯೇ ಬಿದ್ದಿರಬಹುದೆಂದರೆ, ಒಬ್ಬ ಮನುಷ್ಯನ ಪೂರ್ಣಾಯುಷ್ಯವನ್ನೇ ದಾಖಲೆಯಲ್ಲಿ ಹಿಡಿದಿರಬೇಕಾಗುವುದು. ಅಂತಹ ದಾಖಲೆಗಳು ಲೋಕದಲ್ಲಿ ವಿರಳ. ಅವುಗಳಲ್ಲಿ ಒಂದು ಮೈಸೂರಿನಲ್ಲಿ ಉಳಿದು ಬಂದಿದೆ. ಶಾಸನವನ್ನೂ ಓಲೆಯ ಪ್ರತಿಯನ್ನೂ ಪರೀಕ್ಷಿಸುವ ಕ್ರಮದಲ್ಲಿಯೇ ಆ ದಾಖಲೆಯನ್ನು ಪರೀಕ್ಷಿಸಿ, ಅದು ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸುವುದಿಲ್ಲ ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶವು.

೨. ಹೆಸರುಗಳ ವಿಚಾರ

ಮಧುಮೇಹವೆಂಬ ಹೆಸರು ಪ್ರಾಚೀನವಾದುದು. ಚರಕಸಂಹಿತೆಯು ಪ್ರಮೇಹಗಳನ್ನು ಇಪ್ಪತ್ತು ಬಗೆಯೆಂದು ಎಣಿಸಿ, ಮಧುಮೇಹವನ್ನು ವಾತಜನ್ಯವಾದ ಪ್ರಮೇಹಗಳಲ್ಲಿ ಸೇರಿಸುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟ ಪ್ರಮೇಹಗಳೆಲ್ಲವೂ ಕಾಲಕ್ರಮದಲ್ಲಿ ಮಧುಮೇಹವಾಗಿ ಪರಿಣಮಿಸುವುವೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಇದಲ್ಲದೆ ಸುಶ್ರುತನು ಪ್ರಮೇಹವನ್ನು ‘ಸಹಜ’ವೆಂದೂ ‘ಅಪಥ್ಯನಿಮಿತ್ತ’ವೆಂದೂ ಎರಡಾಗಿ ವಿಂಗಡಿಸಿರುವನು, ಮೊದಲನೆಯದು ತಾಯಿತಂದೆಗಳ ಬೀಜದೋಷದಿಂದ ಬರುವುದು, ಎರಡನೆಯದು ಆಹಾರವಿಹಾರಗಳ ದೋಷದಿಂದ ಬರುವುದು. ಹುಟ್ಟಿನೊಡನೆ ಬಂದುದು ಯಾವುದು, ಬಾಳಿನಲ್ಲಿ ಸೇರಿದುದು ಯಾವುದು ಎಂಬ ಈ ವಿಂಗಡಣೆಯು ಮುಂದೆ ಹೇಳುವ ಮೈಸೂರಿನ ಸಂಶೋಧನೆಯಲ್ಲಿ ಬೇರೊಂದು ರೂಪದಿಂದ ಮತ್ತೆ ಎದುರಾಗುವುದು.

ಕನ್ನಡನಾಡಿನಲ್ಲಿ ವೈದ್ಯಗ್ರಂಥಗಳ ಪರಂಪರೆಯು ದೀರ್ಘವಾಗಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯಕ್ಕೆ ಮೀಸಲಾದುದು. ಸಕ್ಕರೆ ಕಾಯಿಲೆ, ಸಿಹಿಮೂತ್ರ ಎಂಬ ಆಡುನುಡಿಗಳು ಈ ಗ್ರಂಥಭಾಷೆಯ ಪಕ್ಕದಲ್ಲಿಯೇ ಬೆಳೆದು ಇಂದಿಗೂ ಬಳಕೆಯಲ್ಲಿರುತ್ತವೆ.

ಮರೆವಿನ ವಿಷಯದಲ್ಲಿ ಹಾಗಲ್ಲ. ಚರಕನು ಧೀ, ಧೃತಿ, ಸ್ಮೃತಿಗಳ ಭ್ರಂಶವನ್ನು ಪ್ರಜ್ಞಾಪರಾಧದ ಮೂಲವೆಂದು ಹೇಳಿರುವುದು ನಿಜ. ಆದರೆ ಅಲ್ಲಿಯ ಸ್ಮೃತಿಭ್ರಂಶವು ರೋಗಕ್ಕೆ ಕಾರಣವಾಗುವ ಬುದ್ಧಿದೋಷವೇ ಹೊರತು ವೃದ್ಧಾಪ್ಯದಲ್ಲಿ ಮಿದುಳು ಸವೆಯುವ ವ್ಯಾಧಿಯಲ್ಲ. ಹಳೆಯ ಶಬ್ದದಲ್ಲಿ ಹೊಸ ಅರ್ಥವನ್ನು ತುಂಬಿ, ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸುವುದು ಇತಿಹಾಸದ ಮಾರ್ಗವಲ್ಲ. ಈ ಲೇಖನದಲ್ಲಿ ‘ಸ್ಮೃತಿಭ್ರಂಶ’ವೆಂಬುದನ್ನು ಮುಪ್ಪಿನಲ್ಲಿ ನೆನಪು, ವಿವೇಕ, ದಿನಚರಿಯ ಸಾಮರ್ಥ್ಯ ಇವು ಕ್ರಮವಾಗಿ ಕುಂದುವ ಸ್ಥಿತಿಗೆಲ್ಲ ಸಾಮಾನ್ಯನಾಮವಾಗಿಯೂ, ‘ಆಲ್ಜೈಮರ್ ರೋಗ’ವೆಂಬುದನ್ನು ಅದರ ಒಂದು ವಿಶೇಷ ಪ್ರಭೇದದ ಹೆಸರಾಗಿಯೂ ಬಳಸಲಾಗಿದೆ. ಈ ಭೇದವನ್ನು ಮರೆತರೆ ಮುಂದಿನ ವಾದವೆಲ್ಲವೂ ತೊಡಕಾಗುವುದು.

೩. ಎರಡು ರೋಗಗಳು ಒಂದೆಡೆ ಸೇರಿದ ಬಗೆ

ಮಧುಮೇಹಿಗಳ ಮೂತ್ರದಲ್ಲಿರುವ ಸಿಹಿಯು ಸಕ್ಕರೆಯೆಂಬುದನ್ನು ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ೧೭೭೬ರಲ್ಲಿ ತೋರಿಸಿದನು. ೧೮೮೯ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ಜರ್ಮನ್ ಪಂಡಿತರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹವು ಬಂದಿತು. ಆ ಗ್ರಂಥಿಯ ರಸವಾದ ಇನ್ಸುಲಿನ್ನನ್ನು ೧೯೨೧-೨೨ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮೊದಲಾದವರು ಬೇರ್ಪಡಿಸಿ, ರೋಗಿಗಳಿಗೆ ಕೊಟ್ಟು ಬದುಕಿಸಿದರು.

ಮರೆವಿನ ರೋಗದ ಚರಿತ್ರೆಯು ೧೯೦೧ರಲ್ಲಿ ಆರಂಭವಾಗುವುದು. ಆ ವರ್ಷ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಬಂದ ಐವತ್ತೊಂದು ವರ್ಷದ ಸ್ತ್ರೀಯೊಬ್ಬಳನ್ನು ಅಲೋಯಿಸ್ ಆಲ್ಜೈಮರ್ ಎಂಬ ವೈದ್ಯನು ಪರೀಕ್ಷಿಸಿದನು. ಅವಳು ೧೯೦೬ರಲ್ಲಿ ತೀರಿಕೊಂಡ ಮೇಲೆ ಅವಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನರಕೋಶಗಳ ಹೊರಗೆ ಗಟ್ಟಿಯಾದ ಚಕ್ಕೆಗಳನ್ನೂ ಒಳಗೆ ತೊಡಕಾದ ಎಳೆಗಳನ್ನೂ ಕಂಡು, ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗನ್ ನಗರದ ವೈದ್ಯಸಭೆಯಲ್ಲಿ ವಿವರಿಸಿದನು. ೧೯೧೦ರಲ್ಲಿ ಕ್ರೇಪೆಲಿನ್ ತನ್ನ ಮನೋವೈದ್ಯಗ್ರಂಥದಲ್ಲಿ ಈ ವ್ಯಾಧಿಗೆ ಆಲ್ಜೈಮರನ ಹೆಸರನ್ನಿಟ್ಟನು.

ಎರಡೂ ರೋಗಗಳ ನಡುವೆ ಮೊದಲ ದಾರಿಯು ತೋರಿದ್ದು ಇನ್ಸುಲಿನ್ ಬಂದ ವರ್ಷದಲ್ಲಿಯೇ. ೧೯೨೨ರಲ್ಲಿ ಅಮೆರಿಕದ ಮೈಲ್ಸ್ ಮತ್ತು ರೂಟ್ ಎಂಬವರು ಮಧುಮೇಹಿಗಳಿಗೆ ಮನಶ್ಶಾಸ್ತ್ರದ ಪರೀಕ್ಷೆಗಳನ್ನು ಕೊಟ್ಟು, ಅವರ ನೆನಪೂ ಅವಧಾನವೂ ಕುಂದಿರುವುದನ್ನು ಪ್ರಕಟಿಸಿದರು. ಆದರೆ ಅದು ವೃದ್ಧರ ವಿಚಾರವಾಗಿರಲಿಲ್ಲ. ಇನ್ಸುಲಿನ್ ಇಲ್ಲದೆ ಬಹುಕಾಲ ಬದುಕುವ ಮಧುಮೇಹಿಗಳೂ ಆ ತನಕ ಕಡಿಮೆ. ಮಧುಮೇಹಿಗಳು ಮುಪ್ಪನ್ನು ಕಾಣುವಂತಾದ ಮೇಲೆಯೇ ಈ ಪ್ರಶ್ನೆಗೆ ತೂಕ ಬಂದಿತು. ೧೯೭೮ರಲ್ಲಿ ಇಲಿಯ ಮಿದುಳಿನಲ್ಲಿ ಇನ್ಸುಲಿನ್ ಗ್ರಾಹಕಗಳು ವ್ಯಾಪಕವಾಗಿರುವುದು ತಿಳಿದು, ಆ ರಸಕ್ಕೂ ಮಿದುಳಿಗೂ ಸಂಬಂಧವಿಲ್ಲವೆಂಬ ಹಿಂದಿನ ಭಾವನೆಯು ಸಡಿಲವಾಯಿತು. ೧೯೯೯ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ನಗರದ ೬,೩೭೦ ವೃದ್ಧರನ್ನು ಅನುಸರಿಸಿ ನೋಡಿದ ಅಧ್ಯಯನವು, ಮಧುಮೇಹಿಗಳಿಗೆ ಸ್ಮೃತಿಭ್ರಂಶವು ಬರುವ ಸಂಭವವು ಇತರರಿಗಿಂತ ಸುಮಾರು ಎರಡರಷ್ಟೆಂದು ನಿರ್ಣಯಿಸಿತು. ೨೦೦೫ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸುಸಾನ್ ಡಿ ಲಾ ಮಾಂಟೆ ಮೊದಲಾದವರು, ಆಲ್ಜೈಮರ್ ರೋಗದಿಂದ ಮೃತರಾದವರ ಮಿದುಳಿನಲ್ಲಿ ಇನ್ಸುಲಿನ್ನಿನ ಕಾರ್ಯವು ಕುಗ್ಗಿರುವುದನ್ನು ಕಂಡು, ಅದನ್ನು ‘ಮೂರನೆಯ ವಿಧದ ಮಧುಮೇಹ’ವೆಂದು ಕರೆಯಬಹುದೆಂದು ಸೂಚಿಸಿದರು.

ಈ ಹೆಸರು ಬೇಗನೆ ಪ್ರಚಾರಕ್ಕೆ ಬಂದಿತಾದರೂ ಶಾಸ್ತ್ರದ ಸಮ್ಮತಿಯನ್ನು ಪಡೆದಿಲ್ಲ. ಸಂಬಂಧವುಂಟೆಂಬುದು ಒಂದು ಮಾತು. ಎರಡೂ ಒಂದೇ ಎಂಬುದು ಬೇರೊಂದು ಮಾತು. ಸಂಬಂಧವನ್ನು ವಿವರಿಸಲು ಮುಖ್ಯವಾಗಿ ಎರಡು ಪಕ್ಷಗಳಿವೆ. ಆಲ್ಜೈಮರನು ಕಂಡ ಚಕ್ಕೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನಿಂದ ಆದುವು. ಇನ್ಸುಲಿನ್ನನ್ನು ಒಡೆಯುವ ಕಿಣ್ವವೇ ಅಮಿಲಾಯ್ಡನ್ನೂ ಒಡೆಯುವುದರಿಂದ, ರಕ್ತದಲ್ಲಿ ಇನ್ಸುಲಿನ್ ಅತಿಯಾದಾಗ ಆ ಕಿಣ್ವವು ಅದರಲ್ಲಿಯೇ ತೊಡಗಿ, ಅಮಿಲಾಯ್ಡ್ ಮಿದುಳಿನಲ್ಲಿ ಉಳಿದುಕೊಳ್ಳುವುದೆಂಬುದು ಮೊದಲನೆಯ ಪಕ್ಷ. ಮಧುಮೇಹವು ಸಣ್ಣ ರಕ್ತನಾಳಗಳನ್ನು ಕೆಡಿಸುವುದರಿಂದ ಮಿದುಳಿನ ಭಾಗಗಳಿಗೆ ರಕ್ತವು ತಲಪದೆ ಅವು ಸಾಯುವುವೆಂಬುದು ಎರಡನೆಯ ಪಕ್ಷ. ಮರಣಾನಂತರ ಮಧುಮೇಹಿಗಳ ಮಿದುಳುಗಳನ್ನು ಪರೀಕ್ಷಿಸಿದವರು ಅಲ್ಲಿ ರಕ್ತಹೀನತೆಯಿಂದ ಸತ್ತ ಭಾಗಗಳನ್ನು ಹೆಚ್ಚಾಗಿ ಕಂಡಿರುವರೇ ಹೊರತು, ಚಕ್ಕೆಗಳನ್ನು ಇತರರಿಗಿಂತ ಹೆಚ್ಚಾಗಿ ಕಂಡಿಲ್ಲ. ಆದುದರಿಂದ ಮಧುಮೇಹಕ್ಕೂ ಸ್ಮೃತಿಭ್ರಂಶಕ್ಕೂ ಇರುವ ಸಂಬಂಧವು ದೃಢವಾದುದು. ಮಧುಮೇಹಕ್ಕೂ ಶುದ್ಧವಾದ ಆಲ್ಜೈಮರ್ ರೋಗಕ್ಕೂ ಇರುವ ಸಂಬಂಧವು ಅಷ್ಟು ದೃಢವಾದುದಲ್ಲ.

೪. ಮೈಸೂರಿನ ದಾಖಲೆಗಳು

ಇಲ್ಲಿಯವರೆಗೆ ಹೇಳಿದ ಅಧ್ಯಯನಗಳು ಮನುಷ್ಯನ ಆಯುಷ್ಯದ ಉತ್ತರಾರ್ಧವನ್ನು ಮಾತ್ರ ನೋಡಿದುವು. ಪೂರ್ವಾರ್ಧದ ಕಡೆಗೆ ದೃಷ್ಟಿಯನ್ನು ತಿರುಗಿಸಿದವರು ಇಂಗ್ಲೆಂಡಿನ ಸೌಥಾಂಪ್ಟನ್ ನಗರದ ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು. ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ ೧೯೧೧ರಿಂದ ದಾದಿಯರು ಪ್ರತಿಯೊಂದು ಶಿಶುವಿನ ತೂಕವನ್ನೂ ಬರೆದಿಟ್ಟಿದ್ದ ಪುಸ್ತಕಗಳು ಅವರಿಗೆ ದೊರೆತುವು. ಆ ಶಿಶುಗಳನ್ನು ಮುದುಕರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಹುಟ್ಟಿನಲ್ಲಿ ತೂಕ ಕಡಿಮೆಯಾಗಿದ್ದವರಲ್ಲಿ ಸಕ್ಕರೆಯ ಅಂಶವು ರಕ್ತದಲ್ಲಿ ಮಿತಿಮೀರುವುದು ಹೆಚ್ಚೆಂದು ೧೯೯೧ರಲ್ಲಿ ಕಂಡುಬಂದಿತು. ಗರ್ಭದಲ್ಲಿ ಆಹಾರವು ಸಾಲದ ಶಿಶುವು ಮಿತವ್ಯಯಕ್ಕೆ ತನ್ನ ದೇಹವನ್ನು ಹೊಂದಿಸಿಕೊಳ್ಳುವುದು. ಮುಂದೆ ಆಹಾರವು ಸಮೃದ್ಧವಾದಾಗ ಆ ಹೊಂದಿಕೆಯೇ ರೋಗಕ್ಕೆ ಕಾರಣವಾಗುವುದು ಎಂದು ಹೇಲ್ಸ್ ಮತ್ತು ಬಾರ್ಕರ್ ೧೯೯೨ರಲ್ಲಿ ಪ್ರತಿಪಾದಿಸಿದರು.

ಇಂಗ್ಲೆಂಡಿನ ಶಿಶುಗಳಿಗಿಂತ ಭಾರತದ ಶಿಶುಗಳು ಹುಟ್ಟಿನಲ್ಲಿ ಚಿಕ್ಕವು; ಮಧುಮೇಹವಾದರೋ ಇಲ್ಲಿ ಅಧಿಕ. ಆದುದರಿಂದ ಈ ಸಿದ್ಧಾಂತವನ್ನು ಭಾರತದಲ್ಲಿ ಪರೀಕ್ಷಿಸುವುದು ಅವಶ್ಯವಾಯಿತು. ಅದಕ್ಕೆ ಬೇಕಾದ ಹಳೆಯ ದಾಖಲೆಗಳು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ದೊರೆತುವು. ವೆಸ್ಲಿಯನ್ ಮಿಷನ್ನಿನವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ಥಾಪಿಸಿದ ಈ ಆಸ್ಪತ್ರೆಯು ಊರವರಿಗೆ ‘ಮಿಷನ್ ಆಸ್ಪತ್ರೆ’ಯೆಂದೇ ಪರಿಚಿತವಾದುದು. ಅಲ್ಲಿ ೧೯೩೪ರಿಂದ ನಡೆದ ಹೆರಿಗೆಗಳ ವಿವರವನ್ನು ಕ್ರಮವಾಗಿ ಬರೆದಿಡಲಾಗಿದೆ. ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ, ಅವಳ ಸೊಂಟದ ಎಲುಬಿನ ಅಳತೆ ಇವೆಲ್ಲವೂ ಆ ಪುಸ್ತಕಗಳಲ್ಲಿ ದೊರೆಯುತ್ತವೆ. ಅಳೆದವರ ಗಮನವಿದ್ದುದು ಆ ದಿನದ ಹೆರಿಗೆಯ ಸುಖದುಃಖದ ಮೇಲೆ. ಅರುವತ್ತು ವರ್ಷಗಳ ಮೇಲೆ ಈ ಅಂಕಿಗಳು ಇನ್ನೊಂದು ಪ್ರಶ್ನೆಗೆ ಉತ್ತರವಾಗುವುವೆಂಬುದು ಅವರ ಊಹೆಗೂ ಎಟುಕುವಂತಿರಲಿಲ್ಲ. ದಾನಶಾಸನವನ್ನು ಕೊರೆದವನು ದಾನವನ್ನು ಕುರಿತು ಬರೆದನು. ಅದರಿಂದ ಆ ಕಾಲದ ಅಳತೆ, ತೆರಿಗೆ, ಊರುಗಳ ಎಲ್ಲೆ ಇವುಗಳನ್ನು ತಿಳಿಯುವವರು ಇಂದಿನ ಸಂಶೋಧಕರು. ಮೈಸೂರಿನ ದಾಖಲೆಗಳಿಗೂ ಇದೇ ನ್ಯಾಯವು ಸಲ್ಲುತ್ತದೆ.

ದಾಖಲೆಯಿಂದ ಮನುಷ್ಯನನ್ನು ಹುಡುಕುವುದು ಸುಲಭವಾಗಿರಲಿಲ್ಲ. ಹುಟ್ಟಿದ ದಿನ ಶಿಶುವಿಗೆ ಹೆಸರಿರುವುದಿಲ್ಲ. ಪುಸ್ತಕದಲ್ಲಿರುವುದು ತಾಯಿತಂದೆಗಳ ಹೆಸರು, ದಿನಾಂಕ, ಗಂಡೋ ಹೆಣ್ಣೋ ಎಂಬ ವಿವರ, ಎಷ್ಟನೆಯ ಹೆರಿಗೆಯೆಂಬ ಎಣಿಕೆ. ಆಸ್ಪತ್ರೆಯ ಸುತ್ತಲಿನ ಕೇರಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಿ, ಆ ವಿವರಗಳಿಗೆ ಹೊಂದುವವರನ್ನು ಗುರುತಿಸಬೇಕಾಯಿತು. ಹೀಗೆ ದೊರೆತವರಲ್ಲಿ ೧೯೩೪ರಿಂದ ೧೯೫೪ರವರೆಗೆ ಹುಟ್ಟಿದ ೫೧೭ ಮಂದಿ ಸ್ತ್ರೀಪುರುಷರನ್ನು ಪರೀಕ್ಷಿಸಿ, ಸ್ಟೈನ್, ಕ್ಯಾರೊಲಿನ್ ಫಾಲ್, ಕುಮಾರನ್ ಮೊದಲಾದವರು ೧೯೯೬ರಲ್ಲಿ ತಮ್ಮ ಮೊದಲ ನಿರ್ಣಯವನ್ನು ಪ್ರಕಟಿಸಿದರು. ಹುಟ್ಟಿನಲ್ಲಿ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗವು ನೂರಕ್ಕೆ ೧೧ರಷ್ಟಿದ್ದರೆ, ೩.೧ ಕಿಲೋಗ್ರಾಂ ಅಥವಾ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ ೩ ಮಾತ್ರವಿತ್ತು. ಇಂಗ್ಲೆಂಡಿನ ಸಿದ್ಧಾಂತವು ಮೈಸೂರಿನಲ್ಲಿಯೂ ನಿಂತಂತಾಯಿತು.

ಆದರೆ ೧೯೯೮ರಲ್ಲಿ ಪ್ರಕಟವಾದ ಮಧುಮೇಹದ ನಿರ್ಣಯವು ನಿರೀಕ್ಷೆಗೆ ವಿರುದ್ಧವಾಗಿ ಬಂದಿತು. ೫೦೬ ಮಂದಿಯಲ್ಲಿ ನೂರಕ್ಕೆ ೧೫ರಷ್ಟು ಜನರಿಗೆ ಮಧುಮೇಹವಿತ್ತು. ಅವರು ಹುಟ್ಟಿನಲ್ಲಿ ತೂಕ ಕಡಿಮೆಯಾಗಿದ್ದವರಲ್ಲ. ಉದ್ದದಲ್ಲಿ ಗಿಡ್ಡರಾಗಿ, ಆ ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರು. ಅವರ ತಾಯಂದಿರು ಕೃಶರಲ್ಲ, ಭಾರವಾದವರು. ತಾಯಿಯ ರಕ್ತದಲ್ಲಿಯೇ ಸಕ್ಕರೆಯು ಹೆಚ್ಚಾಗಿದ್ದು ಶಿಶುವು ಅದರಿಂದ ದುಂಡಗಾಗಿರಬಹುದೆಂದು ಸಂಶೋಧಕರು ಊಹಿಸಿದರು. ಹಸಿವೆಯೊಂದೇ ರೋಗದ ಬೀಜವಲ್ಲ, ಗರ್ಭಕಾಲದ ಸಕ್ಕರೆಯೂ ಬೀಜವಾಗಬಹುದೆಂಬ ಈ ಊಹೆಯೇ ಮೈಸೂರಿನಿಂದ ಲೋಕಕ್ಕೆ ಸಂದ ವಿಶೇಷ ವಿಚಾರವು.

೫. ಗರ್ಭಿಣಿಯರು ಮತ್ತು ಅವರ ಮಕ್ಕಳು

ಹಳೆಯ ಪುಸ್ತಕದಲ್ಲಿ ತಾಯಿಯ ರಕ್ತದ ಸಕ್ಕರೆಯು ಬರೆದಿರಲಿಲ್ಲವಾದುದರಿಂದ ಆ ಊಹೆಯನ್ನು ಹೊಸದಾಗಿಯೇ ಪರೀಕ್ಷಿಸಬೇಕಾಯಿತು. ೧೯೯೭-೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ಹುಟ್ಟಿನಿಂದ ಅನುಸರಿಸುವ ಕಾರ್ಯವು ‘ಪಾರ್ಥೆನಾನ್ ಅಧ್ಯಯನ’ವೆಂಬ ಹೆಸರಿನಿಂದ ಆರಂಭವಾಯಿತು. ನೂರಕ್ಕೆ ೬ಕ್ಕೆ ತುಸು ಮಿಕ್ಕಿದಷ್ಟು ಗರ್ಭಿಣಿಯರಲ್ಲಿ ಗರ್ಭಕಾಲದ ಮಧುಮೇಹವು ಕಂಡುಬಂದಿತು. ಜಿ. ವಿ. ಕೃಷ್ಣವೇಣಿ ಮೊದಲಾದವರು ಆ ತಾಯಂದಿರ ಮಕ್ಕಳನ್ನು ಬಾಲ್ಯದಲ್ಲಿ ಪರೀಕ್ಷಿಸಿದಾಗ ಅವರಲ್ಲಿ ಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಇತರ ಮಕ್ಕಳಿಗಿಂತ ಹೆಚ್ಚಾಗಿದ್ದುವು. ೧೯೯೮ರ ಊಹೆಗೆ ಇದರಿಂದ ಬಲವುಂಟಾಯಿತು.

ಹಾಗಾದರೆ ಆ ಮಕ್ಕಳ ಬುದ್ಧಿಯ ಗತಿಯೇನು? ತಾಯಿಯ ಮಧುಮೇಹವು ಮಗುವಿನ ಮಿದುಳನ್ನೂ ಕುಂದಿಸುವುದಾದರೆ, ಮರೆವಿನ ಬೀಜವು ಗರ್ಭದಲ್ಲಿಯೇ ಬೀಳುವುದೆಂದು ಹೇಳಬಹುದಾಗಿತ್ತು. ಎಸ್. ಆರ್. ವೀಣಾ ಮೊದಲಾದವರು ಒಂಬತ್ತು ಹತ್ತು ವರ್ಷದ ೫೧೫ ಮಕ್ಕಳಿಗೆ ಕಲಿಕೆ, ನೆನಪು, ಮಾತು, ಅವಧಾನ ಇವುಗಳ ಪರೀಕ್ಷೆಗಳನ್ನು ಕೊಟ್ಟು, ಫಲವನ್ನು ೨೦೧೦ರಲ್ಲಿ ಪ್ರಕಟಿಸಿದರು. ಮಧುಮೇಹವಿದ್ದ ತಾಯಂದಿರ ೩೨ ಮಕ್ಕಳು ಯಾವ ಪರೀಕ್ಷೆಯಲ್ಲಿಯೂ ಹಿಂದೆ ಬೀಳಲಿಲ್ಲ. ಕಲಿತುದನ್ನು ನೆನೆಯುವುದರಲ್ಲಿಯೂ ಮಾತಿನ ಸಾಮರ್ಥ್ಯದಲ್ಲಿಯೂ ಇತರರಿಗಿಂತ ಮುಂದಿದ್ದರು. ೩೨ ಎಂಬುದು ಅಲ್ಪಸಂಖ್ಯೆ. ಒಂಬತ್ತರ ಬುದ್ಧಿಯಿಂದ ಎಪ್ಪತ್ತರ ಬುದ್ಧಿಯನ್ನು ನಿರ್ಣಯಿಸುವಂತಿಲ್ಲ. ಆದರೂ ಗರ್ಭದ ಸಕ್ಕರೆಯಿಂದ ಮುಪ್ಪಿನ ಮರೆವಿಗೆ ನೇರವಾದ ಗೆರೆಯನ್ನು ಎಳೆಯಬೇಕೆನ್ನುವವರಿಗೆ ಈ ಫಲವು ತಡೆಯಾಗಿ ನಿಂತಿದೆ. ತಮ್ಮ ಊಹೆಗೆ ಅನುಕೂಲವಲ್ಲದ ಫಲವನ್ನು ಮರೆಮಾಡದೆ ಪ್ರಕಟಿಸಿದುದು ಪ್ರಶಂಸನೀಯವಾದುದು.

೬. ಮುಪ್ಪಿನಲ್ಲಿ ಮತ್ತೆ ಭೇಟಿ

ಹಳೆಯ ಪುಸ್ತಕಗಳಲ್ಲಿ ಶಿಶುಗಳಾಗಿ ದಾಖಲಾದವರು ೨೦೧೦ರ ವೇಳೆಗೆ ವೃದ್ಧರಾಗಿದ್ದರು. ಅವರನ್ನು ಮತ್ತೆ ಹುಡುಕಿ, ಅವರ ನೆನಪನ್ನೂ ಬುದ್ಧಿಯನ್ನೂ ಪರೀಕ್ಷಿಸುವ ಕಾರ್ಯವನ್ನು ಮನೋವೈದ್ಯರಾದ ಮುರಳಿಕೃಷ್ಣ ಅವರು ೨೦೧೩ರಿಂದ ೨೦೧೬ರವರೆಗೆ ನಡೆಸಿದರು. ೭೨೧ ಮಂದಿ ಈ ಪರೀಕ್ಷೆಗೆ ಒಳಗಾದರು. ಜೊತೆಯಲ್ಲಿಯೇ ಅವರ ರಕ್ತದ ಸಕ್ಕರೆ, ರಕ್ತದ ಒತ್ತಡ, ಹೃದಯದ ಸ್ಥಿತಿ ಇವುಗಳನ್ನೂ ನೋಡಲಾಯಿತು. ಒಬ್ಬನೇ ಮನುಷ್ಯನ ಹುಟ್ಟಿನ ತೂಕ, ನಡುವಯಸ್ಸಿನ ಮಧುಮೇಹ, ಮುಪ್ಪಿನ ನೆನಪು ಮೂರೂ ಒಂದು ಕಡೆ ದೊರೆಯುವ ಅಧ್ಯಯನವು ಭಾರತದಂತಹ ದೇಶಗಳಲ್ಲಿ ಅತಿ ವಿರಳವಾದುದು.

ಇಲ್ಲಿ ಭಾಷೆಯ ಪ್ರಶ್ನೆಯೊಂದು ಎದ್ದಿತು. ಬುದ್ಧಿಯ ಪರೀಕ್ಷೆಗಳು ಬಹುಮಟ್ಟಿಗೆ ಓದುಬರಹ ಬಲ್ಲವರಿಗಾಗಿ ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿದುವು. ಶಾಲೆಯನ್ನು ಕಾಣದ ವೃದ್ಧೆಯು ಅಂಕಿಗಳನ್ನು ಹಿಂದುಮುಂದಾಗಿ ಹೇಳಲಾರದಿದ್ದರೆ ಅದು ಮರೆವಲ್ಲ, ಅಭ್ಯಾಸದ ಕೊರತೆ. ಆದುದರಿಂದ ‘೧೦/೬೬’ ಎಂಬ ಸಂಶೋಧಕ ಕೂಟವು ವಿದ್ಯೆಯ ತಾರತಮ್ಯವು ಅಡ್ಡಬರದಂತೆ ರಚಿಸಿದ ಪರೀಕ್ಷೆಗಳನ್ನು ಕನ್ನಡದಲ್ಲಿ ಬಳಸಲಾಯಿತು. ಸ್ಮೃತಿಭ್ರಂಶದ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರು ಬಡದೇಶಗಳಲ್ಲಿದ್ದರೂ, ಸಂಶೋಧನೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಅವರಿಗೆ ಮೀಸಲಾಗಿದೆಯೆಂಬ ಅರ್ಥದಿಂದ ಆ ಕೂಟಕ್ಕೆ ಆ ಹೆಸರು ಬಂದಿದೆ.

ಪರೀಕ್ಷೆಯ ಫಲವು ಹೀಗಿದೆ: ಹುಟ್ಟಿನಲ್ಲಿ ತೂಕ ಹೆಚ್ಚಾಗಿದ್ದವರು ಮುಪ್ಪಿನ ಪರೀಕ್ಷೆಗಳಲ್ಲಿ ತುಸು ಹೆಚ್ಚು ಅಂಕಗಳನ್ನು ಪಡೆದರು. ತಾಯಿಯ ವಿದ್ಯೆಯೂ ಅವರ ಸ್ವಂತ ವಿದ್ಯೆಯೂ ಹಾಗೆಯೇ ಸಹಾಯಕವಾಗಿ ಕಂಡುಬಂದುವು. ಎಂದರೆ, ಮುಪ್ಪಿನ ಬುದ್ಧಿಯ ಲೆಕ್ಕದಲ್ಲಿ ಗರ್ಭದ ಪೋಷಣೆಯ ಜೊತೆಗೆ ಶಾಲೆಯೂ ಒಂದು ಪಾಲನ್ನು ಪಡೆಯುತ್ತದೆ.

ಈ ದಾಖಲೆಗಳ ಮಿತಿಯನ್ನೂ ಹೇಳಬೇಕು. ಮೊದಲನೆಯದಾಗಿ, ಆ ಕಾಲದಲ್ಲಿ ಬಹುಪಾಲು ಹೆರಿಗೆಗಳು ಮನೆಯಲ್ಲಿಯೇ ಸೂಲಗಿತ್ತಿಯರ ಕೈಯಲ್ಲಿ ಆಗುತ್ತಿದ್ದುವಾದುದರಿಂದ, ಆಸ್ಪತ್ರೆಯಲ್ಲಿ ಹುಟ್ಟಿದವರು ಎಲ್ಲ ಜನರ ಪ್ರತಿನಿಧಿಗಳಲ್ಲ. ಎರಡನೆಯದಾಗಿ, ಶೈಶವದಲ್ಲಿಯೂ ಮಧ್ಯವಯಸ್ಸಿನಲ್ಲಿಯೂ ತೀರಿಕೊಂಡವರು ಈ ಲೆಕ್ಕಕ್ಕೆ ಬರಲಿಲ್ಲ; ಅತಿ ದುರ್ಬಲರಾದವರು ಅವರಲ್ಲಿಯೇ ಹೆಚ್ಚಾಗಿರಬಹುದು. ಮೂರನೆಯದಾಗಿ, ಊರನ್ನು ಬಿಟ್ಟುಹೋದವರು ದೊರೆಯಲಿಲ್ಲ. ಪ್ರತಿಯಲ್ಲಿ ಗರಿಗಳು ಕಳೆದುಹೋದಾಗ ಉಳಿದ ಗರಿಗಳಿಂದ ಗ್ರಂಥವನ್ನು ಅಳೆಯುವ ಸಂಪಾದಕನಿಗಿರುವ ಎಚ್ಚರವೇ ಇಲ್ಲಿಯೂ ಅವಶ್ಯಕ.

೭. ಚಿಕಿತ್ಸೆಯ ಸಾಕ್ಷ್ಯ

ಮಧುಮೇಹವು ಸ್ಮೃತಿಭ್ರಂಶಕ್ಕೆ ಕಾರಣವಾದರೆ, ಮಧುಮೇಹದ ಚಿಕಿತ್ಸೆಯಿಂದ ಮರೆವು ತಗ್ಗಬೇಕೆಂಬುದು ಸಹಜವಾದ ತರ್ಕ. ಈ ತರ್ಕವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರಿಗೆ ನಿರಾಶೆಯೇ ಒದಗಿದೆ. ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೂ ಬುದ್ಧಿಯ ಪರೀಕ್ಷೆಗಳಲ್ಲಿ ವ್ಯತ್ಯಾಸವಾಗಲಿಲ್ಲವೆಂದು ಅಮೆರಿಕದ ಒಂದು ದೊಡ್ಡ ಪ್ರಯೋಗವು ೨೦೧೧ರಲ್ಲಿ ತಿಳಿಸಿತು. ಇನ್ಸುಲಿನ್ನನ್ನು ಮೂಗಿನ ಮೂಲಕ ಮಿದುಳಿಗೆ ತಲಪಿಸುವ ಉಪಾಯವು ಮೊದಲು ಆಸೆಯನ್ನು ಹುಟ್ಟಿಸಿದರೂ, ೨೦೨೦ರಲ್ಲಿ ಪ್ರಕಟವಾದ ವಿಸ್ತಾರವಾದ ಪ್ರಯೋಗದಲ್ಲಿ ಅದು ಫಲಿಸಲಿಲ್ಲ. ಮಧುಮೇಹಕ್ಕೆ ಕೊಡುವ ಸೆಮಾಗ್ಲುಟೈಡ್ ಎಂಬ ಔಷಧವನ್ನು ಆಲ್ಜೈಮರ್ ರೋಗದ ಆರಂಭಸ್ಥಿತಿಯಲ್ಲಿದ್ದ ೩,೮೦೮ ಮಂದಿಯ ಮೇಲೆ ಪ್ರಯೋಗಿಸಿದ ಎರಡು ಅಧ್ಯಯನಗಳೂ ರೋಗದ ಗತಿಯನ್ನು ತಡೆಯಲಿಲ್ಲವೆಂದು ೨೦೨೫ರ ನವೆಂಬರಿನಲ್ಲಿ ತಿಳಿದುಬಂದಿತು.

ಇದರಿಂದ ಸಂಬಂಧವೇ ಇಲ್ಲವೆಂದು ನಿರ್ಣಯಿಸಬಹುದೆ? ಹಾಗೆ ಹೇಳುವಂತಿಲ್ಲ. ಲಂಡನ್ನಿನ ಸರಕಾರಿ ನೌಕರರನ್ನು ಬಹುಕಾಲ ಅನುಸರಿಸಿದ ಅಧ್ಯಯನವು ೨೦೨೧ರಲ್ಲಿ ಒಂದು ಮುಖ್ಯ ಸಂಗತಿಯನ್ನು ತಿಳಿಸಿತು. ಎಪ್ಪತ್ತನೆಯ ವಯಸ್ಸಿಗೆ ಹತ್ತು ವರ್ಷಗಳಿಗಿಂತಲೂ ಮುಂಚೆ ಮಧುಮೇಹವು 

ತೋರಿದ್ದವರಿಗೆ ಸ್ಮೃತಿಭ್ರಂಶದ ಸಂಭವವು ಎರಡರಷ್ಟಕ್ಕೆ ಮಿಕ್ಕಿತ್ತು. ಐದು ವರ್ಷಗಳ ಈಚೆಗೆ ತೋರಿದ್ದವರಲ್ಲಿ ಹೆಚ್ಚಳವು ಗಣನೀಯವಾಗಿರಲಿಲ್ಲ. ರೋಗವಿದ್ದ ಕಾಲದ ದೈರ್ಘ್ಯವೇ ಹಾನಿಯ ಅಳತೆಯೆಂದು ಇದರಿಂದ ತೋರುತ್ತದೆ. ವೃದ್ಧಾಪ್ಯದಲ್ಲಿ ಆರಂಭಿಸಿದ ಚಿಕಿತ್ಸೆಯು ಮೂವತ್ತು ವರ್ಷಗಳ ಸವೆತವನ್ನು ತುಂಬಲಾರದೆಂಬುದು ಆಶ್ಚರ್ಯವಲ್ಲ. ಪ್ರಯೋಗಗಳ ವಿಫಲತೆಯೂ ಮೈಸೂರಿನ ದಾಖಲೆಗಳೂ ಒಂದೇ ದಿಕ್ಕನ್ನು ತೋರಿಸುತ್ತವೆ: ನೋಡಬೇಕಾದುದು ಮುಪ್ಪಿನ ಕೊನೆಯ ವರ್ಷಗಳನ್ನಲ್ಲ, ಅದಕ್ಕೂ ಹಿಂದಿನ ದೀರ್ಘಕಾಲವನ್ನು.

೮. ದಾಖಲೆಯಿಲ್ಲದ ಊರುಗಳು

ಮೈಸೂರು ನಗರವು ರಾಜಧಾನಿಯಾಗಿದ್ದು, ಆಸ್ಪತ್ರೆಗಳ ಅನುಕೂಲವನ್ನು ಬೇಗ ಪಡೆದುದು. ನಾಡಿನ ಬಹುಭಾಗಕ್ಕೆ ಆ ಭಾಗ್ಯವಿರಲಿಲ್ಲ. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಗದಗ ಜಿಲ್ಲೆಯಲ್ಲಿರುವ ಈ ಗ್ರಾಮವು, ಕವಿರಾಜಮಾರ್ಗಕಾರನು ಹೆಸರಿಸಿದ ಪುಲಿಗೆರೆಗೂ ಕೊಪಣನಗರಕ್ಕೂ ನಡುವಣ ಪ್ರದೇಶದಲ್ಲಿದೆ. ತಿರುಳ್ಗನ್ನಡದ ನಾಡೆಂದು ಪ್ರಸಿದ್ಧವಾದ ಈ ಸೀಮೆಯ ಕಲ್ಲುಗಳ ಮೇಲೆ ಸಾವಿರ ವರ್ಷಗಳ ಹಿಂದಿನ ದಾನಗಳ ವಿವರವನ್ನು ಓದಬಹುದು. ಎಂಬತ್ತು ವರ್ಷಗಳ ಹಿಂದೆ ಇಂತಹ ಹಳ್ಳಿಗಳ ಮನೆಗಳಲ್ಲಿ ಹುಟ್ಟಿದ ಶಿಶುಗಳ ತೂಕವನ್ನು ಓದಲು ಬಾರದು. ಹುಟ್ಟಿದ ವರ್ಷವನ್ನು ಬರಗಾಲದ ನೆನಪಿನಿಂದಲೋ ಜಾತ್ರೆಯ ನೆನಪಿನಿಂದಲೋ ಹೇಳುವ ಹಿರಿಯರು ಹಳ್ಳಿಗಳಲ್ಲಿ ಇಂದಿಗೂ ಇರುವರು. ಅವರ ನೆನಪು ಕುಂದಿದಾಗ ಆ ವರ್ಷವೂ ಅದರೊಡನೆ ಹೋಗುವುದು.

ಇದು ಕೇವಲ ಪಂಡಿತರ ಕೊರಗಲ್ಲ. ೨೦೨೩ರಲ್ಲಿ ಪ್ರಕಟವಾದ ಭಾರತವ್ಯಾಪಿಯಾದ ಗಣನೆಯಂತೆ, ಅರುವತ್ತು ದಾಟಿದವರಲ್ಲಿ ನೂರಕ್ಕೆ ೭.೪ರಷ್ಟು, ಎಂದರೆ ಸುಮಾರು ೮೮ ಲಕ್ಷ ಜನರಿಗೆ ಸ್ಮೃತಿಭ್ರಂಶವಿದೆ. ಅದು ಪುರುಷರಿಗಿಂತ ಸ್ತ್ರೀಯರಲ್ಲಿಯೂ, ನಗರಗಳಿಗಿಂತ ಗ್ರಾಮಗಳಲ್ಲಿಯೂ ಹೆಚ್ಚು. ಅದೇ ವರ್ಷ ಪ್ರಕಟವಾದ ಬೇರೊಂದು ಗಣನೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು ಹತ್ತು ಕೋಟಿಗೆ ಮಿಕ್ಕಿದೆಯೆಂದು ಅಂದಾಜು ಮಾಡಿತು. ಮಧುಮೇಹವು ನಗರಗಳಲ್ಲಿ ಹೆಚ್ಚಾಗಿದ್ದರೆ ಸ್ಮೃತಿಭ್ರಂಶವು ಗ್ರಾಮಗಳಲ್ಲಿ ಹೆಚ್ಚಾಗಿರುವುದನ್ನು ಗಮನಿಸಿದರೆ, ಗ್ರಾಮಗಳ ಮರೆವಿಗೆ ಮಧುಮೇಹವೊಂದೇ ಕಾರಣವಲ್ಲವೆಂಬುದು ಸ್ಪಷ್ಟವಾಗುತ್ತದೆ. ಮೈಸೂರಿನ ವೃದ್ಧರಲ್ಲಿ ವಿದ್ಯೆಯೂ ಹುಟ್ಟಿನ ತೂಕವೂ ಲೆಕ್ಕಕ್ಕೆ ಬಂದುದನ್ನು ಇಲ್ಲಿ ನೆನೆಯಬೇಕು. ಇದರ ಮೇಲೆ ಮಧುಮೇಹವೂ ಹಳ್ಳಿಗಳನ್ನು ಹೊಕ್ಕರೆ ಎರಡು ಹೊರೆಗಳು ಒಂದೇ ಹೆಗಲ ಮೇಲೆ ಬೀಳುವುವು.

ಗ್ರಾಮಗಳ ಈ ಕೊರತೆಯನ್ನು ತುಂಬುವ ಪ್ರಯತ್ನವೊಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು, ಆ ತಾಲ್ಲೂಕಿನ ಹಳ್ಳಿಗಳ ನಲವತ್ತೈದು ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷವರ್ಷಗಳ ಕಾಲ ಅನುಸರಿಸುವ ಗುರಿಯಿಂದ ೨೦೧೮ರಲ್ಲಿ ಅಧ್ಯಯನವನ್ನು ಆರಂಭಿಸಿತು. ರಕ್ತದ ಸಕ್ಕರೆ, ಮಿದುಳಿನ ಚಿತ್ರ, ನೆನಪಿನ ಪರೀಕ್ಷೆ ಇವೆಲ್ಲವೂ ಅದರಲ್ಲಿ ಸೇರಿರುತ್ತವೆ. ಮೈಸೂರಿನ ದಾಖಲೆಯು ಹುಟ್ಟಿನಿಂದ ಮುಂದಕ್ಕೆ ಬಂದುದು. ಶ್ರೀನಿವಾಸಪುರದ್ದು ನಡುವಯಸ್ಸಿನಿಂದ ಮುಂದಕ್ಕೆ ಹೋಗತಕ್ಕದ್ದು. ಮೊದಲನೆಯದು ನಗರದ್ದು, ಎರಡನೆಯದು ಹಳ್ಳಿಯದು. ಇವೆರಡೂ ಒಂದನ್ನೊಂದು ಪೂರೈಸುತ್ತವೆ.

೯. ಉಪಸಂಹಾರ

ಮೇಲಣ ವಿವೇಚನೆಯಿಂದ ಈ ಕೆಳಗಿನ ನಿರ್ಣಯಗಳನ್ನು ಹೇಳಬಹುದಾಗಿದೆ. ಮಧುಮೇಹವು ಸ್ಮೃತಿಭ್ರಂಶದ ಸಂಭವವನ್ನು ಹೆಚ್ಚಿಸುತ್ತದೆ. ಅದು ಬೇಗ ತೋರಿದಷ್ಟೂ ಹಾನಿಯು ಹೆಚ್ಚು. ಈ ಹಾನಿಯಲ್ಲಿ ರಕ್ತನಾಳಗಳ ಪಾಲು ದೊಡ್ಡದು. ಆಲ್ಜೈಮರ್ ರೋಗವನ್ನು ಮಧುಮೇಹದ ಒಂದು ವಿಧವೆಂದು ಕರೆಯಲು ಸಾಕಷ್ಟು ಆಧಾರವಿಲ್ಲ. ಮಧುಮೇಹದ ಬೀಜವು ಗರ್ಭದಷ್ಟು ಹಿಂದಕ್ಕೆ ಹೋಗುವುದೆಂದು ಮೈಸೂರಿನ ದಾಖಲೆಗಳು ತೋರಿಸಿವೆ. ಮುಪ್ಪಿನ ಬುದ್ಧಿಗೂ ಹುಟ್ಟಿನ ತೂಕಕ್ಕೂ ತಕ್ಕಮಟ್ಟಿನ ಸಂಬಂಧವನ್ನು ತೋರಿಸಿವೆ. ಆದರೆ ತಾಯಿಯ ಮಧುಮೇಹದಿಂದ ಮಗುವಿನ ಬುದ್ಧಿಯು ಕುಂದುವುದೆಂಬುದನ್ನು ತೋರಿಸಿಲ್ಲ.

ಇನ್ನು ದಾಖಲೆಗಳ ವಿಚಾರ. ಮಿಷನ್ ಆಸ್ಪತ್ರೆಯ ಹೆರಿಗೆ ಪುಸ್ತಕಗಳನ್ನು ಯಾರಾದರೂ ಜಾಗಕ್ಕಾಗಿ ಹಳೆಯ ಕಾಗದದ ವ್ಯಾಪಾರಿಗೆ ಕೊಟ್ಟಿದ್ದರೆ ಮೇಲೆ ಹೇಳಿದ ಮೈಸೂರಿನ ನಿರ್ಣಯಗಳಲ್ಲಿ ಹೆಚ್ಚಿನವು ಹುಟ್ಟುತ್ತಲೇ ಇರಲಿಲ್ಲ. ನಾಡಿನ ಇತರ ಹಳೆಯ ಆಸ್ಪತ್ರೆಗಳ ಉಗ್ರಾಣಗಳಲ್ಲಿ ಇಂತಹ ಪುಸ್ತಕಗಳು ಉಳಿದಿದ್ದರೆ, ಅವುಗಳನ್ನು ಗೆದ್ದಲಿನಿಂದಲೂ ತೇವದಿಂದಲೂ ಕಾಪಾಡಿ, ವ್ಯಕ್ತಿಗಳ ಗೋಪ್ಯಕ್ಕೆ ಭಂಗಬಾರದಂತೆ ಸಂಶೋಧಕರಿಗೆ ಒದಗಿಸುವುದು ಶಾಸನಗಳ ರಕ್ಷಣೆಯಷ್ಟೇ ಅವಶ್ಯವಾದ ಕಾರ್ಯವು. ಅದು ನಡೆಯುವವರೆಗೂ, ಕೊರ್ಲಹಳ್ಳಿಯಂತಹ ಊರುಗಳಲ್ಲಿ ಮರೆವಿಗೆ ಸಿಕ್ಕಿದ ಹಿರಿಯರನ್ನು ಅರಳುಮರಳಿನವರೆಂದು ತಳ್ಳಿಹಾಕದೆ, ಅವರ ರಕ್ತದ ಸಕ್ಕರೆಯನ್ನು ಒಮ್ಮೆಯಾದರೂ ಪರೀಕ್ಷಿಸಿ ಬರೆದಿಡುವಂತಾದರೆ, ಮುಂದಿನ ಐವತ್ತು ವರ್ಷಗಳ ಸಂಶೋಧಕರಿಗೆ ಆ ಬರಹವೇ ಆಧಾರವಾಗುವುದು.